ಕಿವಿಯ ಪರ್ದಾ ಅಲ್ಲ

ಇನ್ನೂ ಹುಟ್ಟದ ಮೊಮ್ಮಗಳ ಕಿವಿಯ ಬಗ್ಗೆ ನಾನು ಮೂರು ತಿಂಗಳು ಚಿಂತೆ ಮಾಡಿದೆ. ತೊಂದರೆ ಇದ್ದದ್ದು ಕಿವಿಯಲ್ಲಿ ಅಲ್ಲ, ಉಸಿರಿನಲ್ಲಿ. ಡಾಕ್ಟರು ಅದನ್ನು ನನಗೇ ಹೇಳಿದ್ದರು, ನನ್ನ ಮುಖ ನೋಡಿಯೇ ಹೇಳಿದ್ದರು. ನಾನು ತಲೆ ಆಡಿಸಿ ಮನೆಗೆ ಬಂದಿದ್ದೆ.

ನನ್ನ ಹೆಸರು ಶಾಂತಾಬಾಯಿ. ಊರು ಭಾಲ್ಕಿ ತಾಲ್ಲೂಕಿನ ಭಾತಂಬ್ರಾ. ಎರಡನೇ ತರಗತಿಗೇ ಶಾಲೆ ಬಿಟ್ಟವಳು. ಮಕ್ಕಳಾದ ಮೇಲೆ ಸಾಕ್ಷರತೆ ತರಗತಿಯಲ್ಲಿ ಅಕ್ಷರ ಕೂಡಿಸಲು ಕಲಿತೆ. ನಾನು ಬರೆದದ್ದನ್ನು ಸೊಸೆ ಸುಜಾತಾ ತಿದ್ದುತ್ತಾಳೆ, ಪುಸ್ತಕದ ಭಾಷೆಗೆ ತರುತ್ತಾಳೆ. ಮಂದಿ ಆಡಿದ ಮಾತು ಮಾತ್ರ ಆಡಿದ ಹಾಗೆಯೇ ಇರಲಿ ಎಂದಿದ್ದೇನೆ. ಹೋದ ತಿಂಗಳು ಔರಾದ ಕಡೆಯ ಒಬ್ಬ ಹೆಂಗಸು ನನ್ನನ್ನು ಹುಡುಕಿಕೊಂಡು ಬಂದಳು. ಅವಳ ಸೊಸೆಯ ಹೊಟ್ಟೆಯಲ್ಲಿರುವ ಕೂಸಿಗೂ ಇದೇ ತೊಂದರೆಯಂತೆ. ಜಗಲಿಯ ಮೇಲೆ ಕುಳಿತಳು, ಏನು ಕೇಳಬೇಕೆಂಬುದೂ ಅವಳಿಗೆ ತಿಳಿಯಲಿಲ್ಲ. ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಸುಜಾತಾ ಔರಾದ ತಾಲ್ಲೂಕಿನ ಚಿಂತಾಕಿಯ ಹುಡುಗಿ. ಮಗ ಗೌತಮ ಸರ್ಕಾರಿ ಬಸ್ಸಿನ ಕಂಡಕ್ಟರ. ಆಗ ಔರಾದದಲ್ಲಿ ಡ್ಯೂಟಿ, ವಾರಕ್ಕೊಮ್ಮೆ ಮನೆಗೆ ಬರುತ್ತಿದ್ದ. ಹಾಗಾಗಿ ಐದನೇ ತಿಂಗಳ ಸ್ಕ್ಯಾನಿಗೆ ಸೊಸೆಯನ್ನು ಭಾಲ್ಕಿಗೆ ಕರೆದುಕೊಂಡು ಹೋದವಳು ನಾನು. ಅಲ್ಲಿ ಬಸುರಿಯರೆಲ್ಲ ಬಾಟಲಿಗಟ್ಟಲೆ ನೀರು ಕುಡಿದು, ಕಾಲು ಜೋಡಿಸಿಕೊಂಡು, ತಮ್ಮ ಹೆಸರು ಯಾವಾಗ ಕರೆಯುತ್ತಾರೋ ಎಂದು ಕುಳಿತಿದ್ದರು. ನಮ್ಮ ಸರದಿ ಬಂತು. ಬೇರೆಯವರಿಗಿಂತ ಹೆಚ್ಚು ಹೊತ್ತು ಹಿಡಿಯಿತು. ಮುಗಿದ ಕೂಡಲೇ ಸುಜಾತಾ ಪಾಯಖಾನೆಗೆ ಓಡಿದಳು. ಅದೇ ಹೊತ್ತಿಗೆ ಡಾಕ್ಟರಮ್ಮ ನನ್ನನ್ನು ಒಳಗೆ ಕರೆದರು. ಬಸುರಿಯ ಎದುರು ಹೇಳಿ ಹೆದರಿಸುವುದು ಬೇಡ ಎಂದು ಕಾಣುತ್ತದೆ.

"ಅಜ್ಜಿ, ಮಗುವಿನ ವಪೆಯಲ್ಲಿ ಒಂದು ರಂಧ್ರ ಇದೆ" ಎಂದರು. ಅವರ ಕನ್ನಡ ಬೆಂಗಳೂರು ಕಡೆಯದು.

"ಏನ್ರಿ?" ಎಂದೆ.

"ವಪೆ. ಅಂದರೆ..." ಮೇಲೆ ನೋಡಿದರು, ಪೆನ್ನಿನಿಂದ ಮೇಜು ಕುಟ್ಟಿದರು. "ಪರದೆ! ನೀವು ಪರ್ದಾ ಅಂತೀರಲ್ಲ, ಅದು. ಅದರಲ್ಲಿ ತೂತಿದೆ. ಈ ವಾರವೇ ಬೀದರಿನ ದೊಡ್ಡ ಆಸ್ಪತ್ರೆಗೆ ತೋರಿಸಿ. ಹೆರಿಗೆಯೂ ಅಲ್ಲೇ ಆಗಬೇಕು. ತಿಳೀತಾ?"

"ತಿಳೀತ್ರಿ" ಎಂದೆ.

ನನಗೆ ತಿಳಿಯಲಿ ಎಂದು ಪಾಪ ನಮ್ಮ ಭಾಷೆಯ ಮಾತನ್ನೇ ಹುಡುಕಿ ಹೇಳಿದರು. ತಪ್ಪಿದ್ದೇ ಅಲ್ಲಿ. ನಮ್ಮ ಕಡೆ ಪರ್ದಾ ಹರಿಯಿತು ಎಂದರೆ ಕಿವಿಯದು ಎಂದೇ ಅರ್ಥ. ಶಾಲೆಯ ಮಾಸ್ತರ ಕಪಾಳಕ್ಕೆ ಹೊಡೆದರೆ "ಪರ್ದಾ ಹರೀತದ, ಹುಷಾರ್ರಿ" ಎನ್ನುತ್ತೇವೆ. ನನ್ನ ಮಾವನಿಗೆ ಒಂದು ಕಿವಿಯ ಪರ್ದಾ ಇರಲೇ ಇಲ್ಲ. ಆತ ಎಂಬತ್ತು ದಾಟಿ, ಬೇಡವಾದ ಮಾತನ್ನು ಆ ಕಿವಿಗೇ ಬಿಟ್ಟು ಸುಖವಾಗಿ ಸತ್ತ. ಕಿವಿಗೋಸ್ಕರ ಬೀದರಕ್ಕೆ ಯಾಕೆ ಓಡಬೇಕು? ಡಾಕ್ಟರರಿಗೆ ಎಲ್ಲದಕ್ಕೂ ದೊಡ್ಡ ಆಸ್ಪತ್ರೆಗೆ ಕಳಿಸುವ ಚಟ ಎಂದುಕೊಂಡೆ.

ಹೊರಗೆ ಬಂದ ಸುಜಾತಾ ಕೇಳಿದಳು, "ಏನಂದ್ರು ಅತ್ತಿ?"

"ಏನಿಲ್ಲ. ಕೂಸು ಆರಾಮ ಅದ."

ರಿಪೋರ್ಟನ್ನು ಟ್ರಂಕಿನಲ್ಲಿ ಸೀರೆಗಳ ಕೆಳಗೆ ಇಟ್ಟೆ. ಅದು ಇಂಗ್ಲಿಷಿನಲ್ಲಿತ್ತು. ಸುಜಾತಾಳಿಗೆ ಓದಲು ಬರುತ್ತಿತ್ತು, ಅದಕ್ಕೇ ಅಲ್ಲಿಟ್ಟೆ. ಬಸುರಿ ಹೆಣ್ಣು ಕಿವುಡು ಕೂಸು ಎಂದು ಅಳುತ್ತ ಕೂಡುವುದು ನನಗೆ ಬೇಕಿರಲಿಲ್ಲ. ಗೌತಮನಿಗೆ ಮಾತ್ರ ಹೇಳಿದೆ.

"ಕಿವಿ? ಹೊಟ್ಟ್ಯಾಗಿನ ಕೂಸಿನ ಕಿವಿ ಅವರಿಗ ಹ್ಯಾಂಗ ಕಾಣ್ತವ್ವಾ?"

"ಮಷೀನದಾಗ ಎಲ್ಲಾ ಕಾಣ್ತದ. ನೀ ಟಿಕೇಟು ಹರಿ, ಡಾಕ್ಟರಕಿ ಮಾಡಬ್ಯಾಡ."

ಅವನು ಮತ್ತೆ ಕೇಳಲಿಲ್ಲ. ನನ್ನ ಮಾತನ್ನು ನಂಬುವ ಮಗ. ಅದೂ ಒಂದು ತೊಂದರೆಯೇ. ತಿಂಗಳ ತಪಾಸಣೆಯಲ್ಲಿ ನರ್ಸ್ ಬಾಯಿ ಸ್ಕ್ಯಾನ್ ಕಾಗದ ಕೇಳಿದಳು. ಮನೆಯಲ್ಲಿದೆ, ಎಲ್ಲ ಚೆನ್ನಾಗಿದೆ ಎಂದೆ. ಮುಂದಿನ ಸಲ ತನ್ನಿ ಎಂದಳು. ಮುಂದಿನ ಸಲವೂ ಮರೆತೆ ಎಂದೆ.

ಎಂಟನೇ ತಿಂಗಳಲ್ಲಿ ಕುಬಸ ಮಾಡಿದೆವು. ಹಸಿರು ಸೀರೆ ಉಡಿಸಿ, ಬಳೆ ಇಡಿಸಿ, ಉಡಿ ತುಂಬಿ ತವರಿಗೆ ಕಳಿಸುವುದು ಪದ್ಧತಿ. ಚಿಂತಾಕಿಯಿಂದ ಬೀಗತಿ ಕಮಲಾಬಾಯಿ ತನ್ನವರನ್ನೆಲ್ಲ ಜೀಪಿನಲ್ಲಿ ತುಂಬಿಕೊಂಡು ಬಂದಿದ್ದಳು. ಊಟ ಮುಗಿಸಿ ಮಗಳನ್ನು ಕರೆದೊಯ್ಯುವುದು ಎಂದು ಮಾತು. ನಮ್ಮ ಕಡೆಯಿಂದ ಬೀದರಿಗೆ ಅಂಟಿಕೊಂಡಿರುವ ನೌಬಾದದ ರೂತಮ್ಮ ಸಿಸ್ಟರ್ ಬಂದಿದ್ದರು. ಗೌತಮನ ಹೆರಿಗೆ ಮಾಡಿಸಿದವರು ಅವರು. ಈಗ ನಿವೃತ್ತರು. ಅವರ ಕ್ರಿಸ್ಮಸ್ಸಿಗೆ ಅವರ ಮನೆಯ ಕೇಕು ನಮಗೆ, ನಮ್ಮ ಬುದ್ಧ ಪೂರ್ಣಿಮೆಗೆ ನಮ್ಮ ಮನೆಯ ಖೀರು ಅವರಿಗೆ. ನಲವತ್ತು ವರ್ಷದಿಂದ ಹೀಗೇ ನಡೆದಿದೆ.

ಹೆಂಗಸರು ಹಾಡು ಹೇಳುತ್ತಿದ್ದಾಗ ನಾನು ಅವರನ್ನು ಅಡುಗೆಮನೆಗೆ ಕರೆದೆ.

"ಸಿಸ್ಟರ್, ಕೂಸಿಂದು ಕಿವಿ ಪರ್ದಾ ಹರದದಂತರಿ. ಹುಟ್ಟಿದ ಮ್ಯಾಲ ಬೆಳ್ಳುಳ್ಳಿ ಎಣ್ಣಿ ಬಿಟ್ರ ಕೂಡ್ತದೇನ್ರಿ?"

ರೂತಮ್ಮ ಬಾಯಿಯಲ್ಲಿದ್ದ ಹೋಳಿಗೆ ನುಂಗಿ ನಕ್ಕರು. "ಏ ಶಾಂತಾ, ನಿನಗ ಅರಳು ಮರಳೇನ? ಹೊಟ್ಟ್ಯಾಗಿನ ಕೂಸಿನ ಕಿವಿ ಪರ್ದಾ ಯಾವ ಡಾಕ್ಟರ ನೋಡ್ಯಾನ? ತಾ ಆ ಕಾಗದ."

ಕೊಟ್ಟೆ. ಕನ್ನಡಕ ಹಾಕಿಕೊಂಡು ಓದಿದರು. ಒಂದು ಸಲ ಓದಿ ಇನ್ನೊಂದು ಸಲ ಓದಿದರು. ಕೈಯಲ್ಲಿದ್ದ ಹೋಳಿಗೆಯನ್ನು ತಾಟಿನಲ್ಲಿಟ್ಟರು.

"ಶಾಂತಾ, ಇದು ಕಿವಿ ಅಲ್ಲ. ಎದಿ ಮತ್ತ ಹೊಟ್ಟಿ ನಡುವ ಒಂದು ಪರ್ದಾ ಇರ್ತದ. ಅದು."

ನನ್ನ ಮುಖ ನೋಡಿ, ತಿಳಿಯಲಿಲ್ಲ ಎಂದು ಅವರಿಗೆ ಗೊತ್ತಾಯಿತು. ನಮ್ಮ ಅಡುಗೆಮನೆಗೂ ಪಡಸಾಲೆಗೂ ನಡುವೆ ಹಳೆಯ ಸೀರೆಯ ಪರ್ದಾ ಇದೆ. ಅದನ್ನು ಹಿಡಿದು ತೋರಿಸಿದರು. "ಇದು ಹರದದ ಅಂತ ತಿಳಿ. ಅಡಿಗಿಮನಿ ಭಾಂಡಿ, ಡಬ್ಬಿ, ಒಲಿ ಎಲ್ಲಾ ಪಡಸಾಲಿಗ ಹೋಗಿ ತುಂಬ್ಯಾವ. ಬಂದ ಮಂದಿ ಎಲ್ಲಿ ಕೂಡ್ಬೇಕು? ಕೂಸಿನ ಕರಳು ಎದ್ಯಾಗ ಹೋಗಿ ತುಂಬ್ಯಾವ. ಪುಪ್ಪುಸಕ್ಕ, ಅಂದ್ರ ಉಸಿರಿನ ಚೀಲಕ್ಕ, ಬೆಳಿಲಿಕ್ಕ ಜಾಗ ಇಲ್ಲ. ಒಳಗಿರೋತನ ತಾಯಿ ಉಸಿರು ಸಾಕು. ಹೊರಗ ಬಂತಂದ್ರ ಅದಕ್ಕ ಉಸಿರು ಆಡ್ಲಿಕ್ಕ ಬರಂಗಿಲ್ಲ. ಆ ಘಳಿಗಿಗೇ ಡಾಕ್ಟರ್ ಬೇಕು, ಮಷೀನ್ ಬೇಕು. ಎಲ್ಲಿ ಹೆರಿಗಿ?"

"ಚಿಂತಾಕ್ಯಾಗ."

"ಹಂಗಂದ್ರ ಕೂಸು ಉಳಿಯೂದಿಲ್ಲ" ಎಂದರು ರೂತಮ್ಮ. ಅವರೂ ನನ್ನ ಹಾಗೆಯೇ, ಸುತ್ತಿ ಬಳಸಿ ಮಾತಾಡುವವರಲ್ಲ.

ಪಡಸಾಲೆಗೆ ಬಂದೆ. ಹಾಡು ನಡೆದಿತ್ತು. ಸುಜಾತಾ ಹಸಿರು ಸೀರೆಯಲ್ಲಿ ಮಣೆಯ ಮೇಲೆ ಕುಳಿತಿದ್ದಳು. ಹೊರಗೆ ಜೀಪಿಗೆ ಅವಳ ಚೀಲ ಏರಿಸುತ್ತಿದ್ದರು.

"ಹಾಡು ನಿಂದ್ರಸ್ರಿ. ಸುಜಾತಾ ಚಿಂತಾಕಿಗ ಬರೂದಿಲ್ಲ" ಎಂದೆ.

ಕಮಲಾಬಾಯಿ ಎದ್ದು ನಿಂತಳು. "ಯಾಕ ಬೀಗ್ತಿ? ಚೊಚ್ಚಲ ಹೆರಿಗಿ ತವರಿಗ ಬಿಡೂದಿಲ್ಲ ಅಂತೀರಿ? ನಮ್ಮ ಮನ್ಯಾಗ ಕೂಳಿಗ ಬರ ಅದ ಅಂತ ತಿಳದೀರೇನು?"

"ಕೂಳಿಂದಲ್ಲರಿ ಮಾತು. ಡಾಕ್ಟರು ನನಗ ಒಂದು ಹೇಳಿದ್ರು, ನಾ ಒಂದು ಕೇಳಸ್ಕೊಂಡ್ನಿ. ಕಾಗದ ಮುಚ್ಚಿಟ್ಟಿದ್ನಿ." ನಿಂತಲ್ಲೇ ಎಲ್ಲ ಹೇಳಿದೆ. ಹೆಂಗಸರು ಬಾಯಿ ಮೇಲೆ ಸೆರಗು ಇಟ್ಟುಕೊಂಡರು. ಕಮಲಾಬಾಯಿ ನನಗೆ ಬೈದದ್ದನ್ನು ಬರೆಯುವುದಿಲ್ಲ. ಅದರಲ್ಲಿ ಸುಳ್ಳು ಒಂದೂ ಇರಲಿಲ್ಲ.

ಸುಜಾತಾ ಒಂದೇ ಮಾತು ಕೇಳಿದಳು. "ಯಾವಾಗ ಹೇಳಿದ್ರು ಅತ್ತಿ?"

"ಐದನೇ ತಿಂಗಳದಾಗ."

ಬಳೆ ತುಂಬಿದ ಕೈಯನ್ನು ಹೊಟ್ಟೆಯ ಮೇಲೆ ಇಟ್ಟುಕೊಂಡಳು. ಆಮೇಲೆ ನನ್ನ ಹತ್ತಿರ ಮಾತಾಡುವುದನ್ನು ಬಿಟ್ಟಳು.

ಅದೇ ಜೀಪಿನಲ್ಲಿ ಬೀದರಕ್ಕೆ ಹೋದೆವು. ದೊಡ್ಡ ಆಸ್ಪತ್ರೆಯಲ್ಲಿ ಮತ್ತೆ ಸ್ಕ್ಯಾನು. ರೂತಮ್ಮ ಹೇಳಿದ್ದನ್ನೇ ಅವರೂ ಹೇಳಿದರು. ಪುಪ್ಪುಸ ಎಷ್ಟು ಬೆಳೆದಿದೆ ಎಂಬುದು ಹುಟ್ಟಿದ ಮೇಲೆ ತಿಳಿಯುತ್ತದೆ, ಹತ್ತಿರವೇ ಇರಿ ಎಂದರು. ನೌಬಾದದಲ್ಲಿ ರೂತಮ್ಮನ ಮನೆಯಲ್ಲೇ ಉಳಿದೆವು. ಕಮಲಾಬಾಯಿಯೂ ಬಂದಳು. ಒಂದೇ ಒಲೆಯ ಮೇಲೆ ನಾನು ರೊಟ್ಟಿ ಬಡಿಯುತ್ತಿದ್ದೆ, ಅವಳು ಪಲ್ಯ ಮಾಡುತ್ತಿದ್ದಳು. ಸುಜಾತಾ ಪಲ್ಯ ಹೆಚ್ಚು ತಿನ್ನುತ್ತಿದ್ದಳು, ರೊಟ್ಟಿ ಕಡಿಮೆ. ನಾನು ಲಕ್ಷ್ಯ ಕೊಡಲಿಲ್ಲ ಎಂದರೆ ಸುಳ್ಳಾಗುತ್ತದೆ.

ಗೌತಮ ರಜೆ ಹಾಕಿ ಬಂದ. ನನಗೆ ಬೈಯಲಿಲ್ಲ. "ನಾನೂ ಕಾಗದ ಕೇಳಬೇಕಿತ್ತವ್ವಾ" ಎಂದ. ಬೈದಿದ್ದರೆ ಚೆನ್ನಾಗಿತ್ತು.

ಮೂರು ವಾರಕ್ಕೆ ಹೆರಿಗೆಯಾಯಿತು. ಹೆಣ್ಣು. ನಾನು ಬಾಗಿಲ ಹೊರಗೆ ನಿಂತು ಅಳುವ ದನಿಗೆ ಕಾದೆ. ಬರಲಿಲ್ಲ. ನಮ್ಮ ಕಾಲದಲ್ಲಿ ಅಳದ ಕೂಸನ್ನು ಕಾಲು ಹಿಡಿದು ಎತ್ತಿ ಬೆನ್ನಿಗೆ ಬಡಿಯುತ್ತಿದ್ದೆವು. ಇಲ್ಲಿ ಅಳಿಸುವುದೇ ಬೇಡವಂತೆ. ಅತ್ತರೆ ಗಾಳಿ ಹೊಟ್ಟೆಗೆ ಹೋಗಿ, ಎದೆಯಲ್ಲಿರುವ ಕರುಳು ಉಬ್ಬಿ, ಇದ್ದ ಜಾಗವೂ ಹೋಗುತ್ತದಂತೆ. ಹುಟ್ಟಿದ ಕೂಡಲೇ ಗಂಟಲಿಗೆ ಕೊಳವೆ ಇಟ್ಟು ಮಷೀನಿಗೆ ಹಾಕಿದರು. ಮಷೀನೇ ಅವಳ ಬದಲು ಉಸಿರಾಡಿತು. ಗಾಜಿನಾಚೆಯಿಂದ ನೋಡಿದೆ. ಬೇರೆ ಕೂಸುಗಳ ಹೊಟ್ಟೆ ಉಬ್ಬಿರುತ್ತದೆ. ಇವಳದ್ದು ತಗ್ಗಾಗಿತ್ತು. ಒಳಗೆ ಇರಬೇಕಾದದ್ದು ಇರಲಿಲ್ಲವಲ್ಲ. ಹೃದಯ ಕೂಡ ಬಲಗಡೆಗೆ ಸರಿದಿತ್ತಂತೆ.

ಇನ್ನು ಕಾಯುವುದು. ಕೂಡಲೇ ಕೊಯ್ದು ಹೊಲಿಯುತ್ತಾರೆ ಎಂದುಕೊಂಡಿದ್ದೆ. ಇಲ್ಲವಂತೆ. ಮೊದಲು ಕೂಸಿನ ಉಸಿರು, ರಕ್ತದ ಓಟ ಒಂದು ನೆಲೆಗೆ ಬರಬೇಕು. ಅಲ್ಲಿಯವರೆಗೆ ಕತ್ತರಿ ಮುಟ್ಟುವುದಿಲ್ಲ. ಒಂದು ದಿನ, ಎರಡು ದಿನ, ಮೂರು. ಎರಡನೇ ದಿನ ಮಧ್ಯಾಹ್ನ ಕೂಸು ನೀಲಿಯಾಯಿತು ಎಂದು ಎಲ್ಲರೂ ಒಳಗೆ ಓಡಿದರು. ಬಾಗಿಲು ಮುಚ್ಚಿತು. ತೆರೆದಾಗ ನರ್ಸು "ಈಗ ಪರವಾಗಿಲ್ರಿ" ಎಂದಳು. ಈಗ ಎಂಬ ಮಾತು ಎಷ್ಟು ಸಣ್ಣದು ಎಂದು ಅಂದು ತಿಳಿಯಿತು.

ಕಾಯುವ ಜಾಗದಲ್ಲಿ ನಾವು ಹತ್ತು ಹನ್ನೆರಡು ಮಂದಿ. ಸಲಹೆ ಕೊಡುವವರಿಗೆ ಬರವಿಲ್ಲ. ಒಬ್ಬಳು ದರ್ಗಾದ ದಾರ ತಂದಳು, ಒಬ್ಬಳು ಗ್ರಹಣದ ದಿನ ಸೊಸೆ ಸೂಜಿ ಹಿಡಿದಳೇ ಎಂದು ಕೇಳಿದಳು.

"ಸೂಜಿ ಹಿಡದಾಕಿ ನಾನು. ದಿನಾ ಹಿಡೀತಿನಿ. ನನಗ ಹರದಿಲ್ಲಲ್ಲ ಏನೂ" ಎಂದೆ. ಆಕೆ ಜಾಗ ಬದಲಿಸಿದಳು. ಅದೂ ಒಂದು ಅನುಕೂಲ, ಕಾಲು ಚಾಚಲು ಜಾಗ ಸಿಕ್ಕಿತು. ಕಸ ಹೊಡೆಯುವ ಹೆಂಗಸು ಮಾತ್ರ ಏನೂ ಕೇಳಲಿಲ್ಲ. ನಾನು ಕುಳಿತ ಮೂಲೆಯನ್ನು ಕೊನೆಗೆ ಒರೆಸುತ್ತಿದ್ದಳು. ನಾನು ಬೇಗ ಏಳಬೇಕಾಗದಿರಲಿ ಎಂದು. ಅಷ್ಟು ದಿನದಲ್ಲಿ ಅವಳ ಹೆಸರು ಕೇಳುವುದನ್ನು ಮರೆತೆ.

ಮೂರನೇ ದಿನ ಒಬ್ಬೊಬ್ಬರನ್ನೇ ಒಳಗೆ ಬಿಟ್ಟರು. ಕೈ ತೊಳೆಸಿ ನರ್ಸು ಹೇಳಿದಳು, "ಸವರಬ್ಯಾಡ್ರಿ ಅಜ್ಜಿ. ಸವರಿದ್ರ ಕೂಸಿಗ ತ್ರಾಸ ಆಗ್ತದ, ಉಸಿರು ಏರುಪೇರಾಗ್ತದ. ಬರೀ ಕೈ ಇಡ್ರಿ, ಅಲ್ಲಾಡಸಬ್ಯಾಡ್ರಿ." ನಾನು ಊರಿನಲ್ಲಿ ಎಷ್ಟು ಕೂಸುಗಳಿಗೆ ಎಣ್ಣೆ ತಿಕ್ಕಿ ಎರೆದವಳು! ಈ ಕೈಗೆ ಸುಮ್ಮನಿರುವುದು ಗೊತ್ತಿರಲಿಲ್ಲ. ಅವಳ ತಲೆಯ ಮೇಲೆ ಅಂಗೈ ಇಟ್ಟು ನಿಂತೆ. ಅವಳ ತಲೆ ಅಂಗೈಯಷ್ಟೇ ಇತ್ತು. ಆಗ ಮನಸ್ಸಿನಲ್ಲೇ ಅಂದುಕೊಂಡೆ, ಕಿವಿ ಬೇಕಾದರೆ ಹೋಗಲಿ, ಉಸಿರು ಇರಲಿ ಎಂದು. ಯಾರಿಗೆ ಅಂದೆನೋ ಗೊತ್ತಿಲ್ಲ. ನಮ್ಮಲ್ಲಿ ಹರಕೆ ಹೊರುವ ಪದ್ಧತಿ ಇಲ್ಲ. ಆದರೂ ಮನಸ್ಸಿಗೆ ಬಂತು.

ಸುಜಾತಾ ಹಾಲು ಹಿಂಡಿ ಹಿಂಡಿ ಕೊಡುತ್ತಿದ್ದಳು. ಕೂಸಿಗೆ ಕುಡಿಸುವ ಹಾಗಿಲ್ಲ, ಮುಂದೆ ಬೇಕಾಗುತ್ತದೆ ಎಂದು ಆಸ್ಪತ್ರೆಯವರು ತೆಗೆದಿಡುತ್ತಿದ್ದರು. ಅವಳಿಗೆ ನೋವಾಗುತ್ತಿತ್ತು. ನಾನು ಬಿಸಿನೀರಿನ ಬಟ್ಟೆ ಹಿಂಡಿ ಕೊಟ್ಟರೆ ತೆಗೆದುಕೊಳ್ಳುತ್ತಿದ್ದಳು, ಮಾತಿಲ್ಲ. ನಾನೂ ಮಾತಿಗೆ ಒತ್ತಾಯ ಮಾಡಲಿಲ್ಲ. ಬಟ್ಟೆ ಬಿಸಿ ಇದ್ದರೆ ಸಾಕು.

ಐದನೇ ದಿನ ಸರ್ಜನ್ ಬಂದರು. ಚಿಕ್ಕ ವಯಸ್ಸು, ಮಾತು ನಮ್ಮ ಕಡೆಯದೇ. ನಮ್ಮೆಲ್ಲರನ್ನೂ ಕೂಡಿಸಿ ಆಪರೇಷನ್ ಬಗ್ಗೆ ಹೇಳಿದರು. ಅರ್ಧ ಇಂಗ್ಲಿಷ್, ಅರ್ಧ ಕನ್ನಡ, ಬಹಳ ಜೋರು. ಗೌತಮ ಸಹಿಗೆ ಪೆನ್ನು ತೆಗೆದ. "ತಿಳೀತಲ್ರಿ?" ಎಂದರು ಡಾಕ್ಟರು. ಎಲ್ಲರ ತಲೆ ಆಡಿತು. ನನ್ನದೂ ಆಡಲು ಹೊರಟಿತ್ತು.

"ಸಾಬ್ರ, ನಿಲ್ರಿ. ನನಗ ತಿಳದಿಲ್ಲ" ಎಂದೆ. "ಮತ್ತೊಮ್ಮಿ ಹೇಳ್ರಿ."

ಮತ್ತೊಮ್ಮೆ ಹೇಳಿದರು.

"ಇನ್ನೂ ತಿಳದಿಲ್ರಿ."

ಗೌತಮ ಕಿವಿಯಲ್ಲಿ ಅಂದ, "ಅವ್ವಾ, ಅವರಿಗ ಹೊತ್ತಾಗ್ತದ."

"ಆಗ್ಲಿ. ನನಗ ಮೂರು ತಿಂಗಳು ಹೊತ್ತಾಗ್ಯದ."

ಡಾಕ್ಟರು ಕಾಗದ ತಿರುಗಿಸಿ ಹಿಂದೆ ಚಿತ್ರ ಬರೆದರು. ಇದು ಎದೆ, ಇದು ಹೊಟ್ಟೆ, ಇದು ಪರ್ದಾ, ಇಲ್ಲಿ ತೂತು. ಕರುಳನ್ನು ಕೆಳಗೆ ಎಳೆದು ತೂತು ಹೊಲಿಯುತ್ತೇವೆ, ದೊಡ್ಡದಿದ್ದರೆ ತೇಪೆ ಹಚ್ಚುತ್ತೇವೆ ಎಂದರು. ತೇಪೆ ಎಂದ ಮೇಲೆ ನನಗೆ ದಾರಿ ಸಿಕ್ಕಿತು. ಹೊಲಿಗೆ ನನ್ನ ಕೆಲಸ.

"ತೇಪಿ ಯಾವ ಬಟ್ಟಿದ್ರಿ?"

"ಅದೊಂದು ಥರಾ ಬಟ್ಟಿನೇ ಅಜ್ಜಿ. ಒಳಗ ಕೊಳಿಯೂದಿಲ್ಲ."

"ಕೂಸು ಬೆಳೀತದ, ತೇಪಿ ಬೆಳೆಯೂದಿಲ್ಲ. ಅಂಚಿಗ ಜಗ್ಗಿ ಹೊಲಿಗಿ ಬಿಚ್ಚಿದ್ರ?"

ಅವರು ಪೆನ್ನು ಕೆಳಗಿಟ್ಟು ನನ್ನನ್ನು ನೋಡಿದರು. "ಬಿಚ್ಚಬಹುದು. ಅದಕ್ಕೇ ಪ್ರತಿ ವರ್ಷಾ ತೋರಸ್ತಾ ಇರಬೇಕು. ಚಲೋ ಕೇಳಿದ್ರಿ."

"ಉಳೀತದೇನ್ರಿ?"

"ಐದು ದಿನಾ ಗಟ್ಟಿ ಉಳದದ. ಹೊಲಿಯೂದು ನನ್ನ ಕೈಯಾಗ ಅದ. ಪುಪ್ಪುಸ ಎಷ್ಟು ಬಿಚ್ಚಿಕೊಳ್ತದ ಅನ್ನೂದು ನನ್ನ ಕೈಯಾಗಿಲ್ಲ."

ನೇರವಾಗಿ ಹೇಳಿದರು. ಅಷ್ಟು ತಿಳಿದ ಮೇಲೆ ಗೌತಮನಿಗೆ ಸಹಿ ಮಾಡು ಎಂದೆ. ಆ ಕಾಗದದ ಚಿತ್ರವನ್ನು ಸುಜಾತಾ ಬಹಳ ಹೊತ್ತು ನೋಡಿದಳು, ಆಮೇಲೆ ನನ್ನ ಕಡೆ ನೋಡಿದಳು. ಕುಬಸದ ದಿನದ ನಂತರ ಅವಳು ನನ್ನ ಮುಖ ನೋಡಿದ್ದು ಅದೇ ಮೊದಲು.

ಮರುದಿನ ಬೆಳಿಗ್ಗೆ ಕೂಸನ್ನು ಒಳಗೆ ಒಯ್ದವರು ಮಧ್ಯಾಹ್ನ ಊಟದ ಹೊತ್ತಿಗೆ ಹೊರಗೆ ತಂದರು. ಆ ನಡುವಿನದು ಬರೆಯಲು ಏನೂ ಇಲ್ಲ. ಕಮಲಾಬಾಯಿ ಮತ್ತು ನಾನು ಒಂದೇ ಬೆಂಚಿನ ಮೇಲೆ ಕುಳಿತಿದ್ದೆವು. ಅವಳು ಡಬ್ಬಿ ಬಿಚ್ಚಿ, "ತಿನ್ರಿ ಬೀಗ್ತಿ. ಬಿದ್ದೀರಿ ಅಂದ್ರ ನಿಮ್ಮನ್ನ ಯಾರು ಹೊರಬೇಕು?" ಎಂದಳು. ತಿಂದೆ. ಡಾಕ್ಟರು ಬಂದು, ತೇಪೆ ಹಚ್ಚಬೇಕಾಯಿತು, ಸಣ್ಣದು, ಕರುಳು ತನ್ನ ಜಾಗಕ್ಕೆ ಬಂತು ಎಂದರು. ಪುಪ್ಪುಸದ ಮಾತು ಆಡಲಿಲ್ಲ. ಅದಕ್ಕೆ ಇನ್ನೂ ಹದಿನೆಂಟು ದಿನ ಹಿಡಿಯಿತು. ಮಷೀನಿನ ಗಾಳಿಯನ್ನು ದಿನಕ್ಕಿಷ್ಟು ಇಳಿಸಿದರು. ಒಂದು ದಿನ ಇಳಿಸಿದರೆ ಇನ್ನೊಂದು ದಿನ ಏರಿಸುತ್ತಿದ್ದರು. ಗಂಟಲಿನ ಕೊಳವೆ ತೆಗೆದ ದಿನ ಅವಳು ಅತ್ತಳು. ಬೆಕ್ಕಿನ ಮರಿಯ ಹಾಗೆ, ಒಡಕು ದನಿ. ಆಸ್ಪತ್ರೆಯ ನರ್ಸುಗಳು ನಕ್ಕರು. ಬಾಗಿಲ ಹೊರಗೆ ಸುಜಾತಾ ನನ್ನ ರಟ್ಟೆ ಹಿಡಿದಳು. ಬಳೆಯ ಗುರುತು ಮೂಡುವಷ್ಟು ಗಟ್ಟಿಯಾಗಿ ಹಿಡಿದಳು. "ಅತ್ತಿ, ಕೇಳ್ಸಿತೇನು?" ಎಂದಳು.

"ಕೇಳ್ಸಿತು" ಎಂದೆ.

ಎರಡು ತಿಂಗಳಿಗೆ ಮನೆಗೆ ತಂದೆವು. ಹೆಸರು ಮೈತ್ರಿ. ಮೊದಲ ವರ್ಷ ಸುಲಭವಿರಲಿಲ್ಲ. ಕುಡಿದದ್ದನ್ನು ಕಾರುತ್ತಿದ್ದಳು, ತೂಕ ಏರುತ್ತಿರಲಿಲ್ಲ. ನೆಗಡಿಯಾದರೂ ಬೀದರಕ್ಕೆ ಓಡುತ್ತಿದ್ದೆವು. ಔರಾದದ ಹೆಂಗಸಿಗೂ ಇದನ್ನೇ ಹೇಳಿದೆ. ಆಪರೇಷನ್ ಆದ ದಿನವೇ ಎಲ್ಲ ಮುಗಿಯುವುದಿಲ್ಲ. ಎಲ್ಲ ಕೂಸುಗಳೂ ಉಳಿಯುವುದಿಲ್ಲ ಎಂಬುದನ್ನೂ ಮುಚ್ಚಲಿಲ್ಲ. ನಾವು ಕಾದು ಕುಳಿತಿದ್ದಾಗ ಪಕ್ಕದ ಮಷೀನಿನಲ್ಲಿ ಇನ್ನೊಂದು ಕೂಸಿತ್ತು. ಅದು ಮನೆಗೆ ಹೋಗಲಿಲ್ಲ. ಅದರ ತಾಯಿ ಹೋಗುವಾಗ ತನ್ನ ಫ್ಲಾಸ್ಕನ್ನು ನಮಗೆ ಬಿಟ್ಟುಹೋದಳು. ಅದು ಈಗಲೂ ನಮ್ಮ ಮನೆಯಲ್ಲಿದೆ. ಚಹಾ ಅದರಲ್ಲೇ ಹಾಕುತ್ತೇವೆ.

ವರ್ಷ ತುಂಬುವ ಮೊದಲು ಡಾಕ್ಟರು ಕಿವಿಯ ಪರೀಕ್ಷೆ ಮಾಡಿಸಿ ಎಂದರು. ಇಂಥ ಕೂಸುಗಳಲ್ಲಿ ಕೆಲವಕ್ಕೆ ಮುಂದೆ ಕಿವಿ ಮಂದವಾಗುತ್ತದಂತೆ. ಬೀದರಕ್ಕೆ ಹೋದೆವು. ಕೂಸಿನ ತಲೆಗೆ ವೈರು ಹಚ್ಚಿ ನೋಡಿದರು. ಎಡಗಿವಿ ಬಹಳ ಕಡಿಮೆ ಕೇಳುತ್ತದೆ, ಮಷೀನು ಹಾಕಬೇಕು, ಬಲಗಿವಿ ಚೆನ್ನಾಗಿದೆ ಎಂದರು. ಅಂದು ಅವಳ ತಲೆಯ ಮೇಲೆ ಕೈ ಇಟ್ಟು, ಕಿವಿ ಬೇಕಾದರೆ ಹೋಗಲಿ ಎಂದುಕೊಂಡದ್ದು ನೆನಪಾಯಿತು. ನನ್ನ ಮಾತು ಕೇಳಿ ಯಾರೋ ಕಿವಿ ತೆಗೆದುಕೊಂಡರು ಎಂದು ನಾನು ನಂಬುವುದಿಲ್ಲ. ರೋಗಕ್ಕೆ ನನ್ನ ಮಾತು ಕೇಳುವ ಚಟವಿಲ್ಲ.

ಹೊರಗೆ ಬಂದು ಬೆಂಚಿನ ಮೇಲೆ ಕುಳಿತೆವು. ಸುಜಾತಾ ಕಾಗದ ಓದಿ ಮಡಿಸಿದಳು. ಮಡಿಸಿ ನನ್ನ ಕೈಗೆ ಕೊಟ್ಟಳು.

"ತಗೋರಿ ಅತ್ತಿ. ಕಿವಿ ಅಂತ ನೀವು ಮೊದಲೇ ಹೇಳಿದ್ರಿ. ನಾವೇ ನಂಬಲಿಲ್ಲ."

ನಾನು ಅವಳ ಮುಖ ನೋಡಿದೆ. ಅಳುತ್ತಾಳೆ ಎಂದುಕೊಂಡೆ. ನಕ್ಕಳು. ನಾನೂ ನಕ್ಕೆ. ಎದುರಿಗಿದ್ದ ಮಂದಿ ಇವರಿಗೇನಾಯಿತು ಎಂದು ನೋಡಿದರು. ತಪ್ಪಾಯಿತು ಎಂದು ನಾನು ಅದುವರೆಗೂ ಅವಳಿಗೆ ಹೇಳಿರಲಿಲ್ಲ. ಅವತ್ತೂ ಹೇಳಲಿಲ್ಲ. ಆ ಕಾಗದವನ್ನು ಟ್ರಂಕಿನಲ್ಲಿ ಇಡಲಿಲ್ಲ. ಪಡಸಾಲೆಯ ಗೋಡೆಗೆ ಮೊಳೆ ಹೊಡೆದು, ಮೈತ್ರಿಯ ಎಲ್ಲ ಕಾಗದಗಳನ್ನೂ ಒಂದು ಚೀಲದಲ್ಲಿ ಹಾಕಿ ಎಲ್ಲರ ಕಣ್ಣೆದುರು ತೂಗುಹಾಕಿದೆ.

ಈಗ ಮೈತ್ರಿಗೆ ನಾಲ್ಕು ವರ್ಷ. ಎದೆಯ ಕೆಳಗೆ ಹೊಲಿಗೆಯ ಗೆರೆ ಇದೆ. ಓಡಿದರೆ ಬೇರೆ ಮಕ್ಕಳಿಗಿಂತ ಬೇಗ ದಣಿಯುತ್ತಾಳೆ, ಕುಳಿತು ಮತ್ತೆ ಓಡುತ್ತಾಳೆ. ನಾನು ಬೈಯಲು ಶುರು ಮಾಡಿದರೆ ಎಡಗಿವಿಯ ಮಷೀನು ತೆಗೆದು ಜೇಬಿಗೆ ಹಾಕಿಕೊಳ್ಳುತ್ತಾಳೆ. ನನ್ನ ಮಾವನ ಮೊಮ್ಮಗನ ಮಗಳು, ಬೇರೆ ಯಾರ ಹಾಗಿರಬೇಕು? ಆದರೆ ತನಗೆ ಬೇಕಾದ ಮಾತಿದ್ದರೆ, ಅರ್ಧ ಕೇಳಿ ತಲೆ ಆಡಿಸುವವಳಲ್ಲ. ಬಲಗಿವಿಯನ್ನು ನನ್ನ ಬಾಯಿಯ ಹತ್ತಿರ ತಂದು, ಗಲ್ಲ ಹಿಡಿದು ತಿರುಗಿಸಿ ಕೇಳುತ್ತಾಳೆ.

"ಆಯಿ, ಏನಂದಿ? ತಿಳಿಲಿಲ್ಲ. ಮತ್ತೊಮ್ಮಿ ಹೇಳು."

ಹೇಳುತ್ತೇನೆ. ಹತ್ತು ಸಲ ಕೇಳಿದರೆ ಹತ್ತು ಸಲವೂ ಹೇಳುತ್ತೇನೆ.